ತೊಗಲಿಲ್ಲದ ಟಗರುಮರಿ

"ದೊಡ್ಡಮ್ಮಾ, ನನ್ನ ಟಗರುಮರೀನ ಯಾರೋ ಕೊಂದ್ಹಾಕಿದಾರೆ!"

ಬೆಳಿಗ್ಗೆ ಬೆಳಿಗ್ಗೆನೇ ಮಸ್ತೋನಕ್ಕ ಅಳ್ತಾ ಬಂದ್ಳು. ನಮ್ಮತ್ತೆ ಶರೋಫತ್ ಚಹಾ ಬಟ್ಟಲು ಕೆಳಗಿಟ್ಟು ಎದ್ದೇಬಿಟ್ರು. ಹಿಸೋರ್ ಕಣಿವೆಯ ನಮ್ಮೂರಲ್ಲಿ ಏನೇ ಕಳುವಾದ್ರೂ ಜನ ಬರೋದು ಅವರ ಹತ್ರಾನೇ. ಅವರ ಹಿಂದೆ ಓಡೋದು ಸೊಸೆ ನಾನು.

ಮಸ್ತೋನಕ್ಕನ ಹತ್ರ ಇದ್ದಿದ್ದು ಹನ್ನೊಂದೇ ಕುರಿ. ಆದ್ರೆ ಎಲ್ಲಾ ಅಪ್ಪಟ ಹಿಸೋರಿ, ಅವಳಜ್ಜನ ಕಾಲದಿಂದ ಬಂದ ದಪ್ಪಬಾಲದ ತಳಿ. ಇದ್ದೊಂದು ಟಗರು ಚಳಿಗಾಲದಲ್ಲಿ ಸತ್ತಿತ್ತು. ಅದಕ್ಕೆ ಹುಟ್ಟಿದ ಗಂಡುಮರಿ ಈ ವಾರ ಈದ ಇದೊಂದೇ. ಇದೂ ಹೋದ್ರೆ ತಳಿ ಅಲ್ಲಿಗೇ ಮುಗೀತು.

ದೊಡ್ಡೀಲಿ ಮರಿ ಬಿದ್ದಿತ್ತು. ತಲೆ ಇಲ್ಲ, ತೊಗಲಿಲ್ಲ, ಬಾಲಾನೂ ಇಲ್ಲ. ಮಾಂಸ ಮಾತ್ರ ಹಾಗೇ ಇತ್ತು. ತಾಯಿಕುರಿ ಅದನ್ನ ಮೂಸಿ ಕೂಡ ನೋಡದೆ ಬೇಲಿ ಕಡೆ ತಿರುಗಿ ಅರಚ್ತಿತ್ತು.

"ತೊಗಲು ವ್ಯಾಪಾರಿ ದಲೇರನದೇ ಕೆಲಸ ಅತ್ತೆ!" ಅಂದೆ.

"ನಿನ್ನ ತಲೆ! ಇದೇನು ಟೋಪಿ ಹೊಲಿಯೋ ಕರಾಕುಲ್ ಮರಿನಾ? ಹಿಸೋರಿ ತೊಗಲನ್ನ ಅವನು ಪುಕ್ಕಟೆ ಕೊಟ್ರೂ ಮುಟ್ಟಲ್ಲ. ಈ ವಾರ ಇನ್ಯಾರ ಕುರಿ ಈದಿದೆ, ಹೇಳು."

ಪಕ್ಕದ ಮನೆ ಹೊಲ್ಮುರೋದಣ್ಣನದು. ಅವನು ಉಣ್ಣೆ ಆಸೆಗೆ ಹೊರಗಿಂದ ತೆಳುಬಾಲದ ಟಗರು ತಂದು ಹಿಂಡನ್ನೆಲ್ಲ ಬೆರಕೆ ಮಾಡ್ಕೊಂಡಿದ್ದ. ನಾವು ಹೋದಾಗ ಕೊಟ್ಟಿಗೆ ಬಾಗಿಲಿಗೆ ಅಡ್ಡ ನಿಂತ.

"ಒಳಗ್ ಬರ್ಬೇಡಿ ದೊಡ್ಡಮ್ಮ, ಈದ ಕುರಿ ಹಾಯುತ್ತೆ. ಕತ್ತಲಲ್ಲಿ ಕಟ್ಟಿಹಾಕಿದೀನಿ."

"ಮರಿ?"

"ಗಟ್ಟಿಮುಟ್ಟಾಗಿದೆ."

ಅತ್ತೆ ನನ್ನ ಕಡೆ ತಿರುಗಿದ್ರು. "ಹೋಗು, ಕೇರಿಯವರನ್ನೆಲ್ಲ ಇಲ್ಲಿಗೇ ಕರ್ಕೊಂಡ್ ಬಾ."

ಅಂಗಳ ತುಂಬ್ತು. ಅತ್ತೆ ಶುರು ಮಾಡಿದ್ರು. "ತೋಳ ಆಗಿದ್ರೆ ಮಾಂಸ ತಿಂತಿತ್ತು. ಕಳ್ಳ ಆಗಿದ್ರೆ ಮಾಂಸ ಒಯ್ತಿದ್ದ. ತಾಯಿ ಮೂಸಲೂ ಇಲ್ಲ ಅಂದ್ರೆ ಸತ್ತಿದ್ದು ಅದರ ಮರಿ ಅಲ್ಲ. ತಲೆ, ಬಾಲ ತೆಗೆದಿದ್ದು ನಮಗೆ ಗುರುತು ಸಿಗಬಾರದು ಅಂತ. ಇನ್ನು ತೊಗಲು. ಸತ್ತ ಮರಿಯ ತೊಗಲು ಯಾರಿಗೆ ಬೇಕು ಹೇಳಿ? ಬೇರೆ ಮರಿಗೆ ಹೊದಿಸಿ, ಆ ವಾಸನೇಲಿ ಸತ್ತ ಮರಿಯ ತಾಯಿಗೆ ಮೋಸ ಮಾಡಿ ಹಾಲು ಕುಡಿಸೋನಿಗೆ! ಈ ವಾರ ಈದ ಕುರಿ ಇನ್ನೊಂದೇ. ಹೊಲ್ಮುರೋದ್, ಬಾಗಿಲು ತೆಗಿ."

ಅವನು ಕದಲಲಿಲ್ಲ. ನಾನೇ ಬಾಗಿಲು ತಳ್ಳಿದೆ. ಮರಿ ಹಾರಿ ಹೊರಗೆ ಬಂತು ನೋಡಿ, ಎರಡೆರಡು ಬಾಲ! ಕೆಳಗೆ ತನ್ನ ದಪ್ಪ ಬಾಲ, ಮೇಲೆ ಹೊದಿಸಿದ ತೊಗಲಿನ ಜೊತೆ ಜೋತಾಡ್ತಿರೋ ತೆಳು ಬಾಲ. ಜನ ಬಿದ್ದು ಬಿದ್ದು ನಕ್ರು.

"ನಂದು ಹುಟ್ತಾನೇ ಸತ್ತೋಯ್ತು. ಅಪ್ಪಟ ಟಗರು ನನಗೂ ಒಂದು ಬೇಕಿತ್ತು," ಅಂದ ಅವನು ನೆಲ ನೋಡ್ತಾ.

"ಕೇಳಿದ್ರೆ ದೊಡ್ಡದಾದ್ಮೇಲೆ ನಿನ್ನ ಕುರಿಗಳಿಗೆ ಇದನ್ನೇ ಬಿಡ್ತಿರ್ಲಿಲ್ವೇನೋ ಮೂಢ!" ಅಂತ ಮಸ್ತೋನಕ್ಕ ತೊಗಲು ಕಿತ್ತೆಸೆದು ಮರೀನ ತನ್ನ ದೊಡ್ಡಿಗೆ ಒಯ್ದು ಹೆತ್ತ ತಾಯಿ ಹತ್ರ ಬಿಟ್ಳು. ತಾಯಿ ಮೂಸಿ, ಬೇರೆ ಮರಿಯ ವಾಸನೆಗೆ ಗುದ್ದಿ ದೂರ ತಳ್ಳಿಬಿಡ್ತು. ಹಿಂದೆ ಬಂದಿದ್ದ ಎಲ್ರ ನಗೂ ನಿಂತೋಯ್ತು. ಮತ್ತೆ ಬಿಟ್ರು, ಮತ್ತೆ ಗುದ್ದಿತು.

ಹೊಲ್ಮುರೋದಣ್ಣ ಮುಂದೆ ಬಂದ. ಯಾರ ಮುಖಾನೂ ನೋಡದೆ ಜೇಬಿಂದ ಕುರಿಗೆ ಹಾಕೋ ಉಪ್ಪು ತೆಗೆದು ಮರಿ ಬೆನ್ನಿಗೆಲ್ಲ ಸವರಿದ. ಉಪ್ಪಿನ ರುಚಿಗೆ ತಾಯಿ ಒಂದ್ಸಲ ನೆಕ್ಕಿತು. ಇನ್ನೊಂದ್ಸಲ. ಆಮೇಲೆ ಮರಿ ಕೆಚ್ಚಲಿಗೆ ಬಾಯಿ ಹಾಕಿದ್ರೂ ತಾಯಿ ಕದಲಲಿಲ್ಲ.