ಎರಡು ಲಕ್ಷ ವರ್ಷದ ದವಡೆ

ಎರಡು ಲಕ್ಷ ವರ್ಷ ಹಳೆಯ ದವಡೆ ಎಲುಬಿನೊಳಗೆ ನಮ್ಮ ಕಾಲದ ಮನುಷ್ಯ ಸಿಕ್ಕಿಬಿದ್ದ!

ಡಿಎನ್‌ಎ ವರದಿ ಹಿಡಿದು ನಾನು, ಸಂಗ್ರಹಾಲಯದ ನಿರ್ದೇಶಕ, ಕಣ್ಣು ಕಣ್ಣು ಬಿಟ್ಟೆ. ಮನುಷ್ಯರೆಲ್ಲ ಒಂದೇ ತವರಿನಿಂದ ಹೊರಟು ಜಗತ್ತಿಗೆ ಹರಡಿದವರು ಎಂದು ನಂಬಿದವನು ನಾನು. ಆಯಾ ಸೀಮೆಯ ಹಳಬರೇ ಅಲ್ಲಲ್ಲೇ ನಾವಾದರು ಎನ್ನುವವರು ನಮಗೆಲ್ಲ ಪಾಠ ಹೇಳಿದ ಮೇಷ್ಟ್ರು. ಮೂವತ್ತು ವರ್ಷದ ಹಿಂದೆ ನಮ್ಮ ಸೀಮೆಯಲ್ಲೇ ಈ ದವಡೆಯನ್ನು ಅಗೆದು ತೆಗೆದವರು, ಈಗ ನಿವೃತ್ತರು. ವರದಿ ನಿಜವಾದರೆ ಗೆಲುವು ಅವರದೇ.

ಆದರೆ ಕೊನೆಯ ಪುಟ ತಲೆ ಕೆಡಿಸಿತು. ಎಲುಬಿನ ಮಾದರಿಗೆ ನಮ್ಮವರದೇ ಬೆರಕೆಯಾದರೆ ತಿಳಿಯಲೆಂದು ನಮ್ಮ ಲ್ಯಾಬಿನವರ ಡಿಎನ್‌ಎಯನ್ನೂ ಪಟ್ಟಿ ಮಾಡಿಟ್ಟಿರುತ್ತೇವೆ. ದವಡೆಯದ್ದು ಒಬ್ಬಳಿಗೆ ಅರ್ಧ ಹೊಂದಿತ್ತು — ಮೇಷ್ಟ್ರ ಒಬ್ಬಳೇ ಮಗಳಿಗೆ. ಪರೀಕ್ಷೆಗೆ ಪುಡಿ ತೆಗೆಯಲು ಎಲುಬು ಕೊರೆದವಳೂ ಅವಳೇ.

"ಗ್ಲೌಸ್ ಹಾಕಿರಲಿಲ್ವಾ?" ಅವಳನ್ನು ಕರೆಸಿ ಕೇಳಿದೆ.

"ಹಾಕಿದ್ದೆ ಸಾರ್. ಎರಡೆರಡು."

"ಮತ್ತೆ ಇದು ಹೇಗೆ?"

"ನಂಗೊಂದೂ ಅರ್ಥ ಆಗ್ತಿಲ್ಲ ಸಾರ್."

ನನಗಾದರೂ ಎಲ್ಲಿ ಅರ್ಥವಾಗಿತ್ತು? ಆದರೂ ಬೆರಕೆ ಅವಳಿಂದಲೇ ಆಗಿರಬೇಕೆಂದು ಅವಳನ್ನು ಕೆಲಸದಿಂದ ತೆಗೆಯುವ ಪತ್ರ ಬರೆಸಿದೆ.

ಮೇಷ್ಟ್ರು ಏದುಸಿರು ಬಿಡುತ್ತ ಬಂದರು. "ಅವಳ ತಪ್ಪಲ್ಲ! ದವಡೆಯವನು ನಮ್ಮ ಮೂಲಪುರುಷ ಕಣ್ರೀ, ಅದಕ್ಕೇ ಹೊಂದಿದೆ!"

ಅದೂ ಸರಿಯೇನೋ ಅನ್ನಿಸಿ ನನ್ನ ಗೊಂದಲ ಇಮ್ಮಡಿಯಾಯಿತು. ಎಲುಬಿನ ಕೋಣೆ ನೋಡಿಕೊಳ್ಳುವಾಕೆಯನ್ನು — ಎಲ್ಲರಿಗೂ ಆಕೆ ದೊಡ್ಡಮ್ಮ — ಕರೆಸಿದೆ. ಆಕೆ ವರದಿ ಓದಿ ಗೋಡೆಯ ಫೋಟೋದ ಹತ್ತಿರ ಹೋದರು. ಹರೆಯದ ಮೇಷ್ಟ್ರು ಅಗೆದ ಗುಂಡಿಯಲ್ಲಿ ಕೂತು ದವಡೆಗೆ ಮುತ್ತಿಡುತ್ತಿರುವ ಚಿತ್ರ. ದಿನಾ ನೋಡಿ ನಗುತ್ತಿದ್ದೆವು.

"ಈ ಡಿಎನ್‌ಎ ಗಂಡಸಿನದು ಅಂತ ವರದೀಲಿ ಬರೆದಿದೆ. ಓದಿದ್ರಾ ಸಾರ್?"

ಓದಿರಲಿಲ್ಲ.

"ಅಷ್ಟು ಹಳೇ ಮೂಲಪುರುಷ ಯಾರಿಗೂ ಅರ್ಧ ಹೊಂದಲ್ಲ. ಹೊಂದೋನು ಅಪ್ಪ. ಮೇಷ್ಟ್ರೇ, ಇಲ್ಲಿ ಏನ್ಮಾಡ್ತಿದೀರಿ?"

"ಖುಷಿಗೆ... ಮುತ್ತು..."

"ಮುತ್ತಿಗೆ ನಾಲಿಗೆ ಯಾಕೆ ಹೊರಗೆ?"

ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ಫೋಟೋದ ಹತ್ತಿರ ಮುಖ ತಂದರು.

"ಅಗೆಯೋರ ಹಳೇ ಅಭ್ಯಾಸ ಸಾರ್," ದೊಡ್ಡಮ್ಮ ನನ್ನತ್ತ ತಿರುಗಿದರು. "ಕಲ್ಲೋ ಎಲುಬೋ ತಿಳೀದಿದ್ರೆ ನಾಲಿಗೆಗೆ ಮುಟ್ಟಿಸ್ತಾರೆ. ಎಲುಬಾದ್ರೆ ಅಂಟುತ್ತೆ. ಎಂಜಲು ಒಳಗಿಳಿದಿದೆ. ಈ ಹುಡುಗಿ ಕೊರೆದದ್ದೂ ಅದೇ ಜಾಗ. ದವಡೆಯೊಳಗಿರೋದು ಮೇಷ್ಟ್ರೇ."

ಮೇಷ್ಟ್ರು ವರದಿ ನೋಡಿದರು, ಮೇಜಿನ ಮೇಲಿನ ಪತ್ರ ನೋಡಿದರು. ಒಪ್ಪಿದರೆ ಮೂವತ್ತು ವರ್ಷದ ವಾದ ಮಣ್ಣುಪಾಲು. ಒಪ್ಪದಿದ್ದರೆ ಮಗಳ ಕೆಲಸ. ಗೆದ್ದವನು ನಾನೇ ಆದರೂ ನನಗೆ ಸಂಕಟವಾಯಿತು.

"ನೆಕ್ಕಿದ್ದು ನಾನೇ," ಎಂದರು. ಪತ್ರವನ್ನು ನಾಲ್ಕು ಚೂರು ಮಾಡಿ ನನ್ನ ಕೈಗಿಟ್ಟರು. "ಮನುಷ್ಯ ಎಲ್ಲಿಂದ ಬಂದ ಅಂತ ನೀವು ಹುಡುಕ್ಕೊಳ್ಳಿ. ಇವಳು ಎಲ್ಲಿಂದ ಬಂದ್ಲು ಅನ್ನೋದು ರುಜುವಾಯ್ತಲ್ಲ, ನನಗೆ ಅಷ್ಟು ಸಾಕು."