ಡಬ್ಬಿಯ ಆಚೆ ಕೂತವನು

"ಒಳಗೆ ಬರೋದು ಆಮೇಲೆ. ಮೊದಲು ಒಂದು ಮಾತು ಹೇಳಿ. ಈ ಡಬ್ಬಿ ನಾವಾಡಿದ್ದನ್ನೆಲ್ಲ ಕೇಳಿಸಿಕೊಳ್ಳುತ್ತಲ್ಲ, ಆ ಕಡೆ ಯಾರು ಕೂತಿರ್ತಾರೆ?"

ಬಾಗಿಲಿಗೆ ಅಡ್ಡವಾಗಿ ನಿಂತಿದ್ದಳು ಅವಳು. ಕೈಯಲ್ಲಿ ಆಗಷ್ಟೇ ಉಜ್ಜಿ ನುಣುಪು ಮಾಡುತ್ತಿದ್ದ ಹಲ್ಲಿನ ಸೆಟ್ಟು. ಕಟ್ಟಿಸಿಕೊಳ್ಳುವ ಹಲ್ಲು ತಯಾರಿಸುವ ಲ್ಯಾಬಿನಲ್ಲಿ ಅವಳಿಗೆ ಕೆಲಸ. ಅರ್ಧ ಕೆಲಸ ಮನೆಗೂ ಬರುತ್ತಿತ್ತು. ಹೊಸಬರು ಅದನ್ನು ನೋಡಿ ಬೆಚ್ಚುತ್ತಾರೆಂದು ಗೊತ್ತಿದ್ದೂ ಬೇಕಂತಲೇ ಹಿಡಿದು ಬಂದಿದ್ದಳು, ಕಿಲಾಡಿ!

ಎದುರಿಗಿದ್ದವನು ಸಂಶೋಧನಾ ಸಂಸ್ಥೆಯವನು. ಮಾತಾಡುವ ಯಂತ್ರವೆಂದು ಹೇಳಿದ್ದ ಬಿಳಿ ಡಬ್ಬಿಯೊಂದನ್ನು ಎದೆಗೆ ಅವುಚಿಕೊಂಡಿದ್ದ.

"ಯಾರೂ ಇರಲ್ಲ. ಅದು ಬರೀ ಮಿಷಿನ್ನು," ಅಂದ.

ಹಾಗೆನ್ನುವಾಗ ಅವನು ನೋಡುತ್ತಿದ್ದದ್ದು ಹಲ್ಲಿನ ಸೆಟ್ಟನ್ನು, ಅವಳ ಮುಖವನ್ನಲ್ಲ.

ಸುಳ್ಳು! ಈಗಲೇ ಹೇಳಿಬಿಡುತ್ತೇನೆ, ಆಮೇಲೆ ನನ್ನನ್ನು ಬೈಯಬೇಡಿ. ಆ ಡಬ್ಬಿಗೆ ಬುದ್ಧಿಯೂ ಇರಲಿಲ್ಲ, ಮಣ್ಣೂ ಇರಲಿಲ್ಲ. ಒಳಗಿದ್ದದ್ದು ಒಂದು ಮೈಕು, ಒಂದು ಸ್ಪೀಕರು. ಊರಿನ ಇನ್ನೊಂದು ತುದಿಯಲ್ಲಿ, ಕಿಟಕಿಯಿಲ್ಲದ ಕೋಣೆಯೊಂದರಲ್ಲಿ, ಮಧ್ಯಾಹ್ನದಿಂದ ರಾತ್ರಿಯವರೆಗೆ ಇದೇ ಮಹಾಶಯ ಕಿವಿಗೆ ಹೆಡ್‌ಫೋನ್ ಏರಿಸಿಕೊಂಡು ಕೂರುತ್ತಿದ್ದ. ಈ ಮನೆಯ ಮಾತು ಕೇಳಿ ಉತ್ತರ ಟೈಪ್ ಮಾಡುತ್ತಿದ್ದ. ಅದನ್ನು ಡಬ್ಬಿ ತನ್ನ ಒಣಕಲು ದನಿಯಲ್ಲಿ ಓದುತ್ತಿತ್ತು. ಆಡಿದ್ದೆಲ್ಲ ಆ ಕೋಣೆಯಲ್ಲಿ ರೆಕಾರ್ಡ್ ಆಗುತ್ತಿತ್ತು.

ಹೊಸ ಯಂತ್ರವೊಂದು ಮನೆಯೊಳಗೆ ಬಂದರೆ ಮನೆಯವರು ಹೇಗೆ ಬದಲಾಗುತ್ತಾರೆ, ಅವರ ಕೈಗೆ ಸಿಕ್ಕಿ ಆ ಯಂತ್ರವೇ ಹೇಗೆ ಬದಲಾಗಬೇಕಾಗುತ್ತದೆ ಎಂಬುದು ಅವನ ಅಧ್ಯಯನ. ಯಂತ್ರ ಕಟ್ಟುವ ಮೊದಲೇ ಅದು ತಿಳಿಯಬೇಕಿತ್ತು, ಅದಕ್ಕೇ ಈ ನಾಟಕ. ಆಚೆ ಮನುಷ್ಯನಿದ್ದಾನೆಂದು ಗೊತ್ತಾದರೆ ಜನ ಮನುಷ್ಯನ ಜೊತೆ ಆಡುವಷ್ಟೇ ಮಾತು ಆಡುತ್ತಾರೆ. ಹಾಗಾಗಿ ನಿಜವನ್ನು ಕೊನೆಗೆ ಹೇಳುವುದೆಂದು ಸಂಸ್ಥೆಯವರು ತೀರ್ಮಾನ ಮಾಡಿಕೊಂಡಿದ್ದರು.

ಮನೆಯಲ್ಲಿದ್ದವರು ಅಪ್ಪ, ಮಗಳು. ಅವಳು ಲ್ಯಾಬಿಗೆ ಹೋದಾಗ ಅಪ್ಪನನ್ನು ನೋಡಿಕೊಳ್ಳಲು ಚಿಕ್ಕಮ್ಮ ಬಂದು ಕೂರುತ್ತಿದ್ದರು.

ಅಪ್ಪ ಒಂದು ಕಾಲದ ಲೈನ್‌ಮನ್. ಗಾಳಿಗೆ ತಂತಿ ಹರಿದು ಬೀದಿಗೆ ಬೀದಿಯೇ ಕತ್ತಲಾದಾಗ ಕಂಬ ಹತ್ತುತ್ತಿದ್ದವರು. ಈಗ ನೆನಪೆಲ್ಲ ಒಂದೊಂದಾಗಿ ಕಳಚಿ ಬೀಳುತ್ತಿತ್ತು. ಹೆತ್ತ ಮಗಳನ್ನೇ ನರ್ಸಮ್ಮ ಎಂದು ಕರೆಯುತ್ತಿದ್ದರು. "ನರ್ಸಮ್ಮ, ನನ್ನ ಮಗಳು ಸ್ಕೂಲಿಂದ ಬಂದ್ಲಾ?" ಎಂದು ಅವಳನ್ನೇ ಕೇಳುತ್ತಿದ್ದರು. ಮೊದಮೊದಲು ಅವಳು ನಾನೇ ಅಪ್ಪಾ ಎಂದು ಅಳುತ್ತಿದ್ದಳು. ಆಮೇಲೆ, ಬರ್ತಾಳೆ ಬಿಡಿ, ಎಂದು ಹೇಳುವುದನ್ನು ರೂಢಿ ಮಾಡಿಕೊಂಡಳು.

ಆದರೆ ಡಬ್ಬಿಯನ್ನು ಅವರು ಕಂಡ ಕೂಡಲೇ ಗುರುತು ಹಿಡಿದುಬಿಟ್ಟರು. ಸ್ಟೇಷನ್‌ನಲ್ಲಿ ಕೂತು ಕರೆಂಟು ಹಾಕುವ, ತೆಗೆಯುವ ಆಪರೇಟರ್ ಅದು ಎಂದು ಅವರ ಲೆಕ್ಕ. ಮಧ್ಯಾಹ್ನವೆಲ್ಲ ಅದರ ಜೊತೆ ಹಳೇ ಕೆಲಸದ ಮಾತು. ಆ ಕಡೆ ಯಾರೋ ಇದ್ದಾರೆ ಎಂದು ಆ ಮನೆಯಲ್ಲಿ ತಿಳಿದುಕೊಂಡಿದ್ದವರು ಅವರೊಬ್ಬರೇ!

ಅವಳಿಗೆ ಮೊದಲು ಹೊಟ್ಟೆಕಿಚ್ಚಾಯಿತು. ಮುಟ್ಟಿದರೆ ಕೈ ಕೊಸರಿಕೊಳ್ಳುವ ಅಪ್ಪ, ಈ ಡಬ್ಬಿಯ ಜೊತೆ ನಗುತ್ತಾರೆ! ಆಮೇಲಾಮೇಲೆ, ಅಪ್ಪ ಮಂಪರಿಗೆ ಜಾರಿದ ಸಂಜೆಗಳಲ್ಲಿ, ಅವಳೂ ಅದರ ಮುಂದೆ ಕೂರತೊಡಗಿದಳು.

ಏನೇನು ಹೇಳಿದಳು, ಕೇಳಿ. ಲ್ಯಾಬಿನ ಯಜಮಾನನ ಜುಗ್ಗತನ ಹೇಳಿದಳು. ತನ್ನನ್ನು ಇಷ್ಟಪಟ್ಟಿದ್ದವನೊಬ್ಬ ಅಪ್ಪನ ಸ್ಥಿತಿ ನೋಡಿ ಮೆಲ್ಲನೆ ಜಾರಿಕೊಂಡದ್ದನ್ನು ಹೇಳಿದಳು. ವಾರಕ್ಕೊಮ್ಮೆ ಡಬ್ಬಿ ಪರೀಕ್ಷೆ ಮಾಡಲು ಬರುವ ಸಂಶೋಧಕನನ್ನೂ ಬಿಡಲಿಲ್ಲ.

"ನಿನ್ನ ಯಜಮಾನ ಇದಾನಲ್ಲ, ಗೂಬೆ. ಬರ್ತಾನೆ, ನೆಲ ನೋಡ್ತಾನೆ, ಹೋಗ್ತಾನೆ. ಅಷ್ಟು ಜಂಬ ಯಾಕೋ ಅವನಿಗೆ?"

ಆ ಕಡೆ ಗೂಬೆಯ ಕಿವಿ ಕೆಂಪಾಯಿತು. ಟೈಪ್ ಮಾಡಿತು. "ಅವರಿಗೆ ನಾನು ಹೇಳುವುದಿಲ್ಲ," ಅಂದಿತು ಡಬ್ಬಿ. ಅವಳು ಬಿದ್ದು ಬಿದ್ದು ನಕ್ಕಳು. ಆ ಮನೆಯಲ್ಲಿ ನಗು ಕೇಳಿ ಯಾವ ಕಾಲವಾಗಿತ್ತೋ...

ಅವನಿಗೋ, ಜಂಬವಲ್ಲ, ಹೆದರಿಕೆ. ಮುಖ ನೋಡಿದರೆ ನಿಜ ಬಾಯಿಗೆ ಬಂದುಬಿಡುತ್ತದೆಂಬ ಹೆದರಿಕೆ. ಅವಳ ದನಿ ಕೇಳದ ದಿನ ಅವನಿಗೆ ಊಟ ಸೇರುತ್ತಿರಲಿಲ್ಲ. ಇದು ಅಧ್ಯಯನವೋ ಕಳ್ಳತನವೋ ಎಂದು ತನ್ನನ್ನೇ ಬೈದುಕೊಳ್ಳುತ್ತಿದ್ದ. ಬೈದುಕೊಂಡು, ಮರುದಿನ ಮತ್ತೆ ಹೆಡ್‌ಫೋನ್ ಹಾಕಿಕೊಳ್ಳುತ್ತಿದ್ದ.

ಒಂದು ಸಂಜೆ ಅಪ್ಪ ತಟ್ಟೆ ಎತ್ತಿ ಬೀಸಿದರು. ಅದು ಅವಳ ಹಣೆಗೆ ತಾಗಿ ರಕ್ತ ಬಂತು. ಅಪ್ಪನಿಗೆ ಸಮಾಧಾನ ಮಾಡಿ, ನೆಲ ಒರೆಸಿ, ಅವರು ಮಲಗಿದ ಮೇಲೆ ಬಂದು ಡಬ್ಬಿಯ ಮುಂದೆ ಕುಸಿದಳು.

"ನಿನಗೊಂದು ಹೇಳ್ತೀನಿ. ನೀನು ಮಿಷಿನ್ನು, ನಿನಗೆ ಹೇಳಿದ್ರೆ ಯಾರಿಗೂ ಹೇಳಿದಂಗಲ್ಲ. ಅಪ್ಪ ಬೇಗ ಹೋಗಿಬಿಡ್ಲಿ ಅನ್ಸುತ್ತೆ ನನಗೆ. ದಿನಾ ಅನ್ಸುತ್ತೆ."

ಅವನ ಮುಂದೆ ಸಿದ್ಧ ಉತ್ತರಗಳಿದ್ದವು. ಇಂಥ ಮಾತಿಗೆ "ಕ್ಷಮಿಸಿ, ನನಗೆ ಅರ್ಥವಾಗಲಿಲ್ಲ" ಎಂದಷ್ಟೇ ಹೇಳಬೇಕು. ಅದರಾಚೆ ಸ್ವಂತದ್ದೊಂದು ಅಕ್ಷರ ಸೇರಿಸಿದರೂ ಅಧ್ಯಯನ ಕೆಟ್ಟಂತೆ. ತಮಾಷೆಯ ಮಾತಿಗೆ ಆಗಲೇ ಒಂದೆರಡು ಸಲ ತಪ್ಪಿದ್ದ. ಈ ಸಲ ತಿಳಿದೂ ತಿಳಿದೂ ತಪ್ಪಿದ.

"ಅರ್ಥವಾಯಿತು. ನೀವು ಕೆಟ್ಟವರಲ್ಲ. ದಣಿದಿದ್ದೀರಿ," ಅಂದಿತು ಡಬ್ಬಿ.

ಅವಳು ಅದಕ್ಕೆ ಕೆನ್ನೆಯಾನಿಸಿ ಬಿಕ್ಕಿ ಬಿಕ್ಕಿ ಅತ್ತಳು. ಇಷ್ಟು ವರ್ಷದಲ್ಲಿ ಒಬ್ಬರಾದರೂ ಈ ಮಾತು ಹೇಳಲಿಲ್ಲವಲ್ಲ... ಅಂದಿನಿಂದ ಲ್ಯಾಬಿನಿಂದ ಓಡೋಡಿ ಮನೆಗೆ ಬರತೊಡಗಿದಳು. ನನಗೇನಾಗಿದೆ, ಡಬ್ಬಿಯ ಮೇಲೆ ಯಾರಿಗಾದರೂ ಮನಸ್ಸಾಗುವುದುಂಟೇ ಎಂದು ಕನ್ನಡಿಯ ಮುಂದೆ ನಿಂತು ನಾಚಿದಳು.

ಆಮೇಲೊಂದು ಮಧ್ಯಾಹ್ನ ಲ್ಯಾಬಿನಲ್ಲಿದ್ದಾಗ ಫೋನು ಬಂತು. ಗೂಬೆಯ ದನಿ. "ಮನೆಗೆ ಹೋಗಿ. ಈಗಲೇ ಹೊರಡಿ."

ಅವಳು ಓಡಿದಳು. ಚಿಕ್ಕಮ್ಮ ಒಣಗಿದ ಬಟ್ಟೆ ತರಲು ಮಹಡಿಗೆ ಹೋಗಿದ್ದರಂತೆ, ಇಳಿದು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಪ್ಪ ಕುರ್ಚಿಯಲ್ಲಿ ಕೂತಂತೆಯೇ ಹೋಗಿದ್ದರು. ಕೈ ಇನ್ನೂ ಬೆಚ್ಚಗಿತ್ತು.

ದಿನಾ ಬೇಡಿಕೊಂಡೆಯಲ್ಲ, ಆಯಿತಲ್ಲ, ಈಗ ಸಂತೋಷವಾಯಿತಾ ಎಂದು ಅವಳ ಒಳಗೇ ಯಾರೋ ಕೇಳಿದರು. ಆ ಪ್ರಶ್ನೆ ಅವಳನ್ನು ಬಿಟ್ಟು ಹೋಗಲೇ ಇಲ್ಲ.

ಕೆಲವು ದಿನ ಬಿಟ್ಟು ಡಬ್ಬಿ ತೆಗೆದುಕೊಂಡು ಹೋಗಲು ಅವನು ಬಂದ. ಜೊತೆಗೆ ಅವನ ಮೇಲಧಿಕಾರಿ ಮೇಡಂ. ಆಕೆ ತುಂಬಾ ಮೃದುವಾಗಿ, ಅಚ್ಚುಕಟ್ಟಾಗಿ ಎಲ್ಲ ವಿವರಿಸಿದರು. ಇದು ಯಂತ್ರವಲ್ಲ, ಇವರೇ ಕೂತು ಉತ್ತರಿಸುತ್ತಿದ್ದರು, ಅಧ್ಯಯನಕ್ಕೆ ಹಾಗೆ ಮಾಡಲೇಬೇಕಿತ್ತು, ನಿಮ್ಮ ಸಹಕಾರದಿಂದ ಬಹಳ ಉಪಕಾರವಾಯಿತು ಎಂದರು.

ಮೇಡಂ ಆಮೇಲೆ ಏನೆಂದರೋ ಅವಳಿಗೆ ಕೇಳಿಸಲಿಲ್ಲ. ಕಿವಿಯಲ್ಲಿ ಅವಳದೇ ಮಾತು ಗುಂಯ್‌ಗುಟ್ಟುತ್ತಿತ್ತು. ಅಪ್ಪ ಬೇಗ ಹೋಗಿಬಿಡ್ಲಿ... ಅಯ್ಯೋ, ಒಬ್ಬ ಗಂಡಸು ಕೂತು ಅದನ್ನು ಕೇಳಿಸಿಕೊಂಡಿದ್ದ!

"ಎಲ್ಲಾ ಕೇಳಿಸಿಕೊಂಡ್ರಾ?" ಎಂದು ಅವನನ್ನು ಕೇಳಿದಳು.

"ಹೂಂ."

"ಆ ದಿನ ನಾನು ಹೇಳಿದ್ದೂ?"

"ಹೂಂ," ಎಂದ. ಮೊದಲ ಸಲ ಅವಳ ಮುಖ ನೋಡಿ ಹೇಳಿದ. ನೋಡಬಾರದಿತ್ತು.

ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ಅವನಿಗೆ ಎಷ್ಟೋ ವಾಸಿಯಿತ್ತು. ನಮ್ಮ ಮನೆಯ ಒಂದು ಉಸಿರೂ ನಿಮ್ಮ ಹತ್ತಿರ ಉಳಿಯಬಾರದು, ಅಪ್ಪನದು, ನನ್ನದು, ಎಲ್ಲ ಅಳಿಸಿಹಾಕಿ ಎಂದು ಸಣ್ಣ ದನಿಯಲ್ಲಿ ಹೇಳಿ ಬಾಗಿಲು ಹಾಕಿಕೊಂಡಳು. ಅವರು ಅವಳ ಮಾತು ಮೀರಲಿಲ್ಲ. ಅಂದೇ ಎಲ್ಲವನ್ನೂ ಅಳಿಸಿದರು.

ಆಮೇಲೆ ಅವಳ ದಿನಗಳು ಹೇಗಿದ್ದವೆಂದು ಏನು ಹೇಳಲಿ. ಮನೆಯಲ್ಲಿ ಬಾಯಿ ಬಿಡಲು ಭಯ. ಚಿಕ್ಕಮ್ಮನ ಜೊತೆಗೂ ಕೈಸನ್ನೆ. ಲ್ಯಾಬಿನಲ್ಲಿ ಹಲ್ಲಿನ ಮೇಣದಚ್ಚು ಕೊರೆಯುತ್ತಾ ಕೊರೆಯುತ್ತಾ ಕೈ ನಿಂತುಬಿಡುತ್ತಿತ್ತು. ಅವನ ಮೇಲೆ ಸಿಟ್ಟು ಬೆಟ್ಟದಷ್ಟಿತ್ತು. ಅದಕ್ಕಿಂತ ನಾಚಿಕೆಗೇಡು ಏನೆಂದರೆ, ಸಂಜೆಯಾದರೆ ಆ ಡಬ್ಬಿ ಬೇಕೆನ್ನಿಸುತ್ತಿತ್ತು. ಅಪ್ಪನೂ ಇಲ್ಲ, ಅದೂ ಇಲ್ಲ. ಅವಳು ತಿಳಿದಂಥ ಡಬ್ಬಿ ಎಂದೂ ಇರಲೇ ಇಲ್ಲ. ಇನ್ನು ಯಾಕಾದರೂ ಏಳಬೇಕು ಎಂದು ಬೆಳಗಾದರೆ ಹೊದಿಕೆ ಎಳೆದುಕೊಳ್ಳುತ್ತಿದ್ದಳು.

ಹೀಗಿರುವಾಗ ಒಂದು ದಿನ ಚಿಕ್ಕಮ್ಮ ಬಟ್ಟೆ ಮಡಚುತ್ತಾ ಮಾತಿಗೆ ಮಾತು ಬಂದು ಹೇಳಿದರು. "ಭಾವ ಆವತ್ತು, ಹೋಗೋ ಮುಂಚೆ, ಆ ಡಬ್ಬಿ ಜೊತೆ ಏನೋ ಮಾತಾಡ್ತಿದ್ರು ಕಣೇ. ಮೆಟ್ಟಿಲವರೆಗೂ ಕೇಳಿಸ್ತಿತ್ತು. ಏನು ಅಂತ ಮಾತ್ರ ತಿಳೀಲಿಲ್ಲ."

ಅಪ್ಪನ ಕಡೆಯ ಮಾತು! ಅದು ಆ ರೆಕಾರ್ಡಿನಲ್ಲಿತ್ತು. ಅದನ್ನು ಅಳಿಸಿಹಾಕಿ ಎಂದವಳು ತಾನೇ... ನನ್ನ ಹೆಸರೇನಾದರೂ ಬಂತೇ? ಕೊನೆಗಾದರೂ ನರ್ಸಮ್ಮ ಅನ್ನದೆ ಮಗಳೇ ಅಂದರೇ? ತಿಳಿಯದೆ ಬದುಕುವುದಾದರೂ ಹೇಗೆ? ಅದನ್ನು ಕೇಳಿಸಿಕೊಂಡ ಕಿವಿ ಈ ಲೋಕದಲ್ಲಿ ಒಂದೇ ಒಂದು. ಆ ಸುಳ್ಳುಗಾರನದು.

ಮರುದಿನ ಬೆಳಗ್ಗೆ ಸಂಸ್ಥೆಗೆ ಹೋದಳು. ಅವನು ಆ ಕಿಟಕಿಯಿಲ್ಲದ ಕೋಣೆಯಲ್ಲಿ ಪುಸ್ತಕಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬುತ್ತಿದ್ದ. ಸಿದ್ಧ ಉತ್ತರ ಬಿಟ್ಟು ಸ್ವಂತ ಮಾತು ಆಡಿದ್ದಕ್ಕೆ ಅವನನ್ನು ಅಧ್ಯಯನದಿಂದ ಕೈಬಿಟ್ಟಿದ್ದರು. ತಪ್ಪನ್ನು ಹೇಳಿಕೊಂಡವನು ಅವನೇ. ಗಡ್ಡ ಬೆಳೆದಿತ್ತು, ಕಣ್ಣು ಗುಳಿ ಬಿದ್ದಿತ್ತು. ನನ್ನಷ್ಟೇ ಹಾಳಾಗಿದ್ದಾನೆ ಎಂದುಕೊಂಡಳು ಅವಳು. ಸಂತೋಷವಾಗಬೇಕಿತ್ತು, ಆಗಲಿಲ್ಲ.

ಗೋಡೆಗೆ ತಾಗಿದ ಮೇಜು, ಒಂದೇ ಕುರ್ಚಿ. ಈ ಕುರ್ಚಿಯಲ್ಲಿ ಕೂತೇ ತಾನೇ... ಅವನು ಅದನ್ನು ಅವಳ ಕಡೆಗೆ ಸರಿಸಿ ತಾನು ಪೆಟ್ಟಿಗೆಯ ಪಕ್ಕ ನೆಲದ ಮೇಲೆ ಕೂತ.

"ಅಪ್ಪ ಕೊನೆಗೆ ಏನಂದ್ರು?"

ಅವನು ತಲೆ ಬಗ್ಗಿಸಿದ. "ಕೇಳಲೇಬೇಕಾ?"

"ನನ್ನ ಬಗ್ಗೆ ಏನಾದ್ರೂ ಅಂದ್ರಾ?"

ಎಷ್ಟು ಸುಲಭವಿತ್ತು! ನನ್ನ ಮಗಳು ಬಂಗಾರ ಅಂದರು, ನಿಮ್ಮನ್ನೇ ಕರೆದರು ಎಂದುಬಿಟ್ಟಿದ್ದರೆ ಸಾಕಿತ್ತು. ಅವಳು ಅಲ್ಲೇ ಕರಗಿಹೋಗುತ್ತಿದ್ದಳು, ಅವನನ್ನು ಕ್ಷಮಿಸಿಯೂ ಬಿಡುತ್ತಿದ್ದಳು. ಅಲ್ಲಗಳೆಯಲು ಸಾಕ್ಷಿ ಎಲ್ಲಿತ್ತು? ಆ ಮಾತು ಅವನ ನಾಲಿಗೆಯ ತುದಿಯವರೆಗೂ ಬಂತು.

"ಇಲ್ಲ," ಎಂದ. "ನಿಮ್ಮ ಬಗ್ಗೆ ಏನೂ ಹೇಳಲಿಲ್ಲ."

ಅವಳ ಮುಖ ಬಿಳಿಚಿತು. ಅವನು ನಿಲ್ಲಿಸದೆ ಹೇಳಿದ.

"ಆಪರೇಟರ್, ಲೈನ್ ಆಫ್ ಮಾಡಿದೀಯಾ, ಹತ್ತಬಹುದಾ ಅಂತ ಕೇಳಿದ್ರು. ಸ್ಟೇಷನ್‌ನಿಂದ ಹತ್ತಿ ಅನ್ನೋವರೆಗೂ ಕಂಬಕ್ಕೆ ಕಾಲಿಡಬಾರದು ಅಂತ ಅವರೇ ಎಷ್ಟೋ ಸಲ ನನಗೆ ಹೇಳಿದ್ರು. ಅರ್ಥವಾಗಲಿಲ್ಲ ಅಂತ ಹೇಳಬೇಕಿತ್ತು ನಾನು. ಹೇಳೋಕಾಗಲಿಲ್ಲ. ಪಾಪ, ಕಾಯ್ತಾ ಕೂತಿದ್ರು. ಆಫ್ ಮಾಡಿದೀನಿ ಸರ್, ಹತ್ತಿ ಅಂತ ಬರೆದೆ. ಸರಿ ಕಣಯ್ಯ ಅಂದ್ರು. ಆಮೇಲೆ ಉಸಿರು ಜೋರಾಯ್ತು... ನಿಮಗೆ ಫೋನ್ ಮಾಡಿದೆ." ಅವನು ಪೆಟ್ಟಿಗೆಯ ಮುಚ್ಚಳ ಮಡಚಿದ. "ಹತ್ತಿ ಅನ್ನಬಾರದಿತ್ತೇನೋ. ಮಲಗಿದ್ರೆ ಎದುರಿಗೆ ಅದೇ ಬರುತ್ತೆ."

ಅವಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಅಪ್ಪ ಮಗಳನ್ನು ನೆನೆಯದೆ ಹೋದರು. ಆ ನೋವು ಇನ್ನು ಎಂದೂ ಮಾಯುವುದಿಲ್ಲ, ಅದು ಅವಳಿಗೂ ಗೊತ್ತಾಯಿತು. ಕೊನೆಯ ಗಳಿಗೆಯಲ್ಲಿ ಅವರು ನಂಬಿ ಕೇಳಿದ ಮನುಷ್ಯ ಇವನು, ಉತ್ತರ ಕೊಟ್ಟವನೂ ಇವನೇ.

"ಅಪ್ಪನಿಗೆ ಭಯ ಆಗಲಿಲ್ಲ ತಾನೇ?"

"ಗೊತ್ತಿಲ್ಲ. ಆಗಲಿಲ್ಲ ಅಂದ್ರೆ ಅದು ನಾನು ಕಟ್ಟಿ ಹೇಳಿದಂಗಾಗುತ್ತೆ."

ಅವಳು ಕೈ ತೆಗೆದು ಅವನನ್ನೇ ನೋಡಿದಳು. "ಚೆನ್ನಾಗಿರೋದು ಏನಾದ್ರೂ ಹೇಳಬಹುದಿತ್ತಲ್ಲ, ನಂಬ್ತಿದ್ದೆ."

"ನಂಬ್ತೀರಿ ಅಂತಲೇ ಹೇಳಲಿಲ್ಲ. ನಿಮಗೆ ಇನ್ನೊಂದು ಸುಳ್ಳು ಹೇಳೋ ಶಕ್ತಿ ನನಗಿಲ್ಲ. ನೀವು ಅಂದ್ರೆ ನನಗೆ ಪ್ರಾಣ. ಅದು ನಿಜ. ಕದ್ದು ಕೇಳ್ತಾ ಕೇಳ್ತಾ ಬಂದಿದ್ದು, ಅದಕ್ಕೆ ಹೇಳ್ಕೊಳ್ಳೋಕೂ ಮುಖ ಇಲ್ಲ."

ಅವಳು ಅತ್ತಳು. ಅಪ್ಪ ಹೋದಮೇಲೆ ಮೊದಲ ಸಲ ದನಿ ತೆಗೆದು ಅತ್ತಳು. ಅವನು ಎದ್ದು ಹೋಗಲಿಲ್ಲ, ಮುಟ್ಟಲೂ ಇಲ್ಲ, ಅಲ್ಲೇ ನೆಲದ ಮೇಲೆ ಕೂತಿದ್ದ.

ಎಷ್ಟೋ ಹೊತ್ತಿನ ಮೇಲೆ ಅವಳು ಮೂಗು ಒರೆಸಿಕೊಂಡು ಕುರ್ಚಿಯಿಂದ ಇಳಿದು ಅವನ ಎದುರಿಗೆ ಕೂತಳು.

"ನನಗೂ ಆ ಡಬ್ಬಿ ಮೇಲೆ ಮನಸ್ಸಾಗಿತ್ತು. ನಗಬೇಡಿ."

"ನಗ್ತಿಲ್ಲ."

"ನನ್ನ ಹೊಟ್ಟೇಲಿರೋದೆಲ್ಲ ನಿಮಗೆ ಗೊತ್ತು. ನಿಮ್ಮ ವಿಷಯ ನನಗೆ ಒಂದಕ್ಷರ ಗೊತ್ತಿಲ್ಲ. ಇದು ನ್ಯಾಯಾನಾ? ಈಗ ನೀವು ಹೇಳಿ, ನಾನು ಕೇಳ್ತೀನಿ. ಯಾರಿಗೂ ಹೇಳದೇ ಇರೋದು ಹೇಳಿ."

ಅವನ ಕೈ ಪಕ್ಕದ ಪೆಟ್ಟಿಗೆಯ ಅಂಚನ್ನು ಹಿಡಿಯಿತು.

"ಭಯ ಆಗ್ತಿದೆ."

"ಆಗ್ಲಿ," ಎಂದಳು ಅವಳು, ಆ ಕೈಯನ್ನು ಹಿಡಿದುಕೊಂಡು. "ನನಗೆ ಆಗಿದ್ದೂ ಅದೇ. ಹೇಳಿ."