ಕೋಳಿ ತಂದವರಿಗೆ ಮರಿ

ಮೊದಲ ಭೇಟಿಯಲ್ಲೇ ಅವಳು ಅವನ ತಲೆ ಒಡೆದಳು. ಅದೂ ಮಕ್ಕಳು ಕೂರುವ ಗಿಡ್ಡ ಸ್ಟೂಲಿನಿಂದ.

ವಸಂತದ ರಜೆಯ ಶಿಬಿರ ಶುರುವಾದ ದಿನ ಅದು. ಶಿಶುವಿಹಾರದ ಉದ್ದನೆಯ ಕೋಣೆಯಲ್ಲಿ ಹನ್ನೊಂದು ಮಕ್ಕಳು ಪೇಪರ್ ಪ್ಲೇಟಿಗೆ ಹತ್ತಿ ಅಂಟಿಸಿ ಮೊಲ ಮಾಡುತ್ತಿದ್ದವು. ಮೊಲಕ್ಕಿಂತ ಮಕ್ಕಳ ಮೂಗಿಗೇ ಹತ್ತಿ ಹೆಚ್ಚು ಅಂಟಿತ್ತು. ಟೀಚರ್ ಗುಬ್ಬಿಯ ಮೊಲಕ್ಕೆ ಕಿವಿ ಕತ್ತರಿಸುತ್ತಿದ್ದಳು. ಗುಬ್ಬಿ ಅಂದರೆ ಅವತ್ತೇ ಸೇರಿದ ನಾಲ್ಕು ವರ್ಷದ ಹುಡುಗಿ, ಮಾತು ಬಲು ಕಡಿಮೆ.

"ಕಿವಿ ಬೇಡ," ಅಂದಳು ಗುಬ್ಬಿ.

"ಯಾಕೆ ಪುಟ್ಟಿ?"

"ಹಿಡಿದು ಎಳೀತಾರೆ."

ಟೀಚರ್ ಕತ್ತರಿ ಕೆಳಗಿಟ್ಟಳು. ಅಷ್ಟರಲ್ಲಿ ಬಾಗಿಲು ಧಡಾರನೆ ತೆರೆದುಕೊಂಡಿತು... ಇಬ್ಬರು ಗಂಡಸರು ಒಬ್ಬರ ಮೇಲೊಬ್ಬರು ಬಿದ್ದುಕೊಂಡೇ ಒಳಗೆ ಬಂದರು.

ಎತ್ತರದವನು ಇನ್ನೊಬ್ಬನ ಕಾಲರ್ ಹಿಡಿದು ಮೇಜಿಗೆ ಅಪ್ಪಳಿಸಿದ. ಮೇಜು ಮಗುಚಿತು. ಗೋಂದು, ಹತ್ತಿ, ಮೊಲಗಳೆಲ್ಲ ನೆಲದ ಪಾಲಾದವು. ಇದ್ದ ಒಂದೇ ಒಂದು ಕೆಂಪು ಬಣ್ಣದ ಬಾಟಲಿ ಒಡೆದು ಬಣ್ಣ ಕೋಣೆಯೆಲ್ಲ ಹರಿಯಿತು.

"ಭಾವ, ಹೊರಗೆ ನಡೀರಿ," ಅನ್ನುತ್ತ ಎತ್ತರದವನು ಅವನ ಮುಖಕ್ಕೆ ಗುದ್ದಿದ. "ನಡೀರಿ ಅಂದೆ." ಮತ್ತೊಂದು ಗುದ್ದು. ಬಹುವಚನ ಬಿಡದೆ ಹಲ್ಲು ಉದುರಿಸುವವನನ್ನು ಟೀಚರ್ ಅದೇ ಮೊದಲು ನೋಡಿದ್ದು.

ಮಕ್ಕಳು ಕಿರುಚುತ್ತಿದ್ದವು. ಅವಳು ಹಿಂದೆ ಮುಂದೆ ನೋಡದೆ ಸ್ಟೂಲು ಎತ್ತಿ ಅವನ ತಲೆಗೆ ಬೀಸಿದಳು. ಅವನು ಮಂಡಿಯೂರಿ ಕುಸಿದ. ಹೊಡೆತ ತಿಂದಿದ್ದ ಇನ್ನೊಬ್ಬ ಸಿಕ್ಕಿದ್ದೇ ಸಾಕು ಅಂತ ಓಟ ಕಿತ್ತ.

ಕುಸಿದವನು ತಿರುಗಿ ನೋಡಿದ. ತಲೆಯಿಂದ ರಕ್ತ ಹಣೆಗಿಳಿದಿತ್ತು. ಆದರೆ ಆ ಕಣ್ಣುಗಳಲ್ಲಿ ಕೋಪವೇ ಇರಲಿಲ್ಲ... ಗಾಬರಿಯಿತ್ತು! ಅವನು ಕೇಳಿದ್ದು ಒಂದೇ ಮಾತು.

"ಗುಬ್ಬಿ ಎಲ್ಲಿ?"

ಮಗುಚಿದ ಮೇಜಿನ ಹಿಂದಿನಿಂದ ಗುಬ್ಬಿ ಬಂದು ಅವನ ಹಣೆ ಮುಟ್ಟಿ, ಕೆಂಪಾದ ಬೆರಳು ತೋರಿಸಿದಳು.

"ಬಣ್ಣ ಕಣೋ ಪುಟ್ಟಾ," ಅಂದ ಅವನು. "ಬರೀ ಬಣ್ಣ."

ಅವನು ಗುಬ್ಬಿಯ ಸೋದರಮಾವ, ಹಿಂದಿನ ಬೀದಿಯಲ್ಲಿ ವೆಲ್ಡಿಂಗ್ ಅಂಗಡಿ. ಅಷ್ಟು ಬಿಟ್ಟರೆ ಟೀಚರ್‌ಗೆ ಏನೂ ತಿಳಿಯಲಿಲ್ಲ. ಅವಳು ಎಷ್ಟು ಬೈದರೂ ಅವನು ಬಾಯಿ ಬಿಡಲಿಲ್ಲ. ಮಗುವಿನ ಎದುರು ಅದರ ಅಪ್ಪನ ಬಗ್ಗೆ ಒಂದು ಕೆಟ್ಟ ಮಾತೂ ಆಡಬಾರದು ಅಂತ ಅವನ ಅಕ್ಕ, ಗುಬ್ಬಿಯ ಅಮ್ಮ, ಆಣೆ ಹಾಕಿಸಿಕೊಂಡಿದ್ದಳು. ಹೊಡೆಯಬಾರದು ಅಂತ ಆಣೆಯಲ್ಲಿ ಇರಲಿಲ್ಲ, ಅದು ಬೇರೆ ವಿಷಯ.

ಮರುದಿನ ಬೆಳಿಗ್ಗೆ ಗುಬ್ಬಿಯನ್ನು ಅಮ್ಮ ಕರೆತಂದಳು. ಎಡಗೈಗೆ ಪ್ಲಾಸ್ಟರ್. ಕೇಳಿದರೆ, ಬಚ್ಚಲಲ್ಲಿ ಬಿದ್ದೆ ಅಂದಳು. ಬಿದ್ದವರು ಹೀಗೆ ನೆಲ ನೋಡಿಕೊಂಡು ಹೇಳುವುದಿಲ್ಲ ಅಂತ ಟೀಚರ್‌ಗೆ ಗೊತ್ತು. ಆ ಕೈ ಮುರಿದವನು ಯಾರು ಅಂತಲೂ ಅವಳು ತಾನೇ ತೀರ್ಮಾನಿಸಿಬಿಟ್ಟಳು. ಆ ವೆಲ್ಡರ್ ಅಲ್ಲದೆ ಇನ್ಯಾರು?

ಅವತ್ತು ಮಕ್ಕಳು ಹಳದಿ ಬಣ್ಣದಲ್ಲಿ ಅಂಗೈ ಅದ್ದಿ ಕಾಗದಕ್ಕೊತ್ತಿ ಕೋಳಿಮರಿ ಮಾಡಿದವು. ಪ್ಲೇಟು ಮಡಚಿ ತಾಯಿಕೋಳಿ ಮಾಡಿದವು. ಕೆಂಪು ಮುಗಿದಿದ್ದರಿಂದ ಜುಟ್ಟಿಗೆಲ್ಲ ಕಿತ್ತಳೆ ಬಣ್ಣ. ಇದು ಕೋಳಿಯೇ ಅಲ್ಲ ಅಂತ ಮಕ್ಕಳು ಮುಖ ಊದಿಸಿಕೊಂಡವು.

ಮರಿಯನ್ನು ಮಗುವಿನ ಕೊರಳಿಗೆ ಕಟ್ಟುವುದು, ಕೋಳಿಯನ್ನು ಮನೆಯವರಿಗೆ ಕೊಡುವುದು. ಮನೆಗೆ ಕರೆದೊಯ್ಯಲು ಬಂದವರು ಕೋಳಿ ತೋರಿಸಬೇಕು. ಕೋಳಿ ತಂದವರಿಗೇ ಮರಿ. ಕಂಡಕಂಡವರು ಮಗುವನ್ನು ಕರೆದೊಯ್ಯಬಾರದು ಅಂತ ಟೀಚರ್ ಪ್ರತಿ ವರ್ಷ ಮಾಡುವ ಉಪಾಯ ಇದು. ಅದರ ಬಗ್ಗೆ ಅವಳಿಗೆ ಒಂದಿಷ್ಟು ಜಂಬವೂ ಇತ್ತು.

ಆ ಜಂಬವೇ ಮುಳುವಾಯಿತು.

ಮಧ್ಯಾಹ್ನ ಗುಬ್ಬಿಯ ಅಪ್ಪ ಬಂದ, ಹಿಂದಿನ ದಿನ ಓಟ ಕಿತ್ತವನೇ, ಊದಿದ ತುಟಿ, ಇಸ್ತ್ರಿ ಅಂಗಿ. ಭಾವಮೈದ ತನ್ನ ಸಂಸಾರ ಒಡೆದ, ಹೆಂಡತಿಯನ್ನು ಹೊಡೆದು ಬಡಿದು ಮನೆಯಲ್ಲಿಟ್ಟುಕೊಂಡಿದ್ದಾನೆ ಅಂತ ಕಣ್ಣೀರಿಟ್ಟ. ಟೀಚರ್ ಕರಗಿಹೋದಳು. ಆದರೂ ನಿಯಮ ನಿಯಮವೇ ಅಂದು, ಕೋಳಿಯ ವಿಷಯವನ್ನು ಅವನಿಗೆ ಬಿಡಿಸಿ ಹೇಳಿದಳು.

ಅವನು ಕಣ್ಣೊರೆಸಿಕೊಂಡ. "ಒಳ್ಳೆ ರೂಲು ಟೀಚರ್."

ಸಂಜೆ ವೆಲ್ಡರ್ ತಲೆಗೆ ಬ್ಯಾಂಡೇಜು ಸುತ್ತಿಕೊಂಡು ಬೀದಿ ತುದಿಯಲ್ಲಿ ನಿಂತಿದ್ದ. ಅವಳು ಸೀದಾ ಹೋಗಿ, ಇನ್ನು ಈ ಗೇಟಿನ ಹತ್ತಿರ ಕಾಣಿಸಿಕೊಂಡರೆ ಪೊಲೀಸರಿಗೆ ಹೇಳುತ್ತೇನೆ ಅಂದಳು.

"ಸರಿ," ಅಂದ ಅವನು. "ಆದ್ರೆ ಅಕ್ಕ ಒಬ್ಬಳೇ ಓಡಾಡಬೇಕಾಗುತ್ತೆ... ಸ್ವಲ್ಪ ನೋಡ್ಕೊಳ್ಳಿ."

ತಲೆ ತಗ್ಗಿಸಿ ಹೊರಟುಹೋದ. ಅವಳಿಗೆ ಯಾಕೋ ಸಮಾಧಾನವಾಗಲಿಲ್ಲ. 'ಅಂಥ ರಾಕ್ಷಸನ ಕಣ್ಣು ಯಾಕೆ ನನಗೆ ಪದೇಪದೇ ನೆನಪಾಗ್ತಿದೆ...' ಅಂತ ತನಗೆ ತಾನೇ ಬೈದುಕೊಂಡಳು.

ಮೂರನೆಯ ದಿನ ಮಕ್ಕಳೆಲ್ಲ ಮನೆಗೆ ಹೋಗಿಯಾಗಿತ್ತು. ಗುಬ್ಬಿ ಒಬ್ಬಳೇ ಕೂತು ಮೊಟ್ಟೆ ಟ್ರೇ ಕತ್ತರಿಸಿದ ತುಂಡಿಗೆ ಕಣ್ಣು ಬರೆದು ಕಂಬಳಿಹುಳ ಮಾಡುತ್ತಿದ್ದಳು. ಅಪ್ಪ ಒಳಗೆ ಬಂದ. ಕೈಯಲ್ಲಿ ಕೋಳಿ.

"ಅವಳೇ ಕೊಟ್ಟು ಕಳಿಸಿದ್ಲು. ಎಲ್ಲ ರಾಜಿಯಾಯ್ತು."

ಟೀಚರ್‌ಗೆ ಸಂತೋಷವೇ ಆಯಿತು. ಕೋಳಿಯನ್ನು ಕೈಗೆ ತೆಗೆದುಕೊಂಡು, ಗುಬ್ಬಿಯನ್ನು ಕರೆಯಲು ತಿರುಗಿದಳು. ಬೆರಳಿಗೆ ಏನೋ ಅಂಟಿತು. ನೋಡಿದರೆ ರೆಕ್ಕೆಯ ಮೇಲೆ ಕೆಂಪು, ಇನ್ನೂ ಹಸಿ.

ಬಾಟಲಿ ಒಡೆದ ದಿನದಿಂದ ಈ ಕೋಣೆಯಲ್ಲಿ ಒಂದು ತೊಟ್ಟು ಕೆಂಪು ಬಣ್ಣ ಇರಲಿಲ್ಲ!

ಇದು ರಕ್ತ. ಆ ಅಮ್ಮನ ರಕ್ತ. ಕೋಳಿಗಾಗಿ ಅವಳನ್ನು ಹೊಡೆದಿದ್ದಾನೆ... ಕೋಳಿ ತರಬೇಕು ಅಂತ ಇವನಿಗೆ ಹೇಳಿಕೊಟ್ಟವಳು ನಾನೇ!

"ಗುಬ್ಬಿ, ಕಣ್ಣಾಮುಚ್ಚಾಲೆ ಆಡೋಣ. ಬೀರು ಒಳಗೆ ಹೋಗು," ಅಂದಳು. ದನಿ ನಡುಗಲಿಲ್ಲ, ಅದು ಹೇಗೋ ಅವಳಿಗೂ ಗೊತ್ತಿಲ್ಲ. ಮಗು ಹೊಕ್ಕಿದ್ದೇ ಬೀಗ ಹಾಕಿ ಕೀಲಿಯನ್ನು ಮುಷ್ಟಿಯಲ್ಲಿ ಹಿಡಿದಳು.

ಇಸ್ತ್ರಿ ಅಂಗಿಯವನ ಮುಖ ಬದಲಾಯಿತು. ಜುಟ್ಟು ಹಿಡಿದು ಅವಳ ತಲೆಯನ್ನು ಗೋಡೆಗೆ ಗುದ್ದಿದ. ಹುಬ್ಬು ಸೀಳಿತು. ಅವಳು ಸಿಕ್ಕ ಕತ್ತರಿಯಿಂದ ಅವನ ತೊಡೆಗೆ ಚುಚ್ಚಿದಳು. ಮಕ್ಕಳ ಕತ್ತರಿ, ತುದಿ ಮೊಂಡು, ಪ್ಯಾಂಟೂ ಹರಿಯಲಿಲ್ಲ. ಅವನು ಅವಳನ್ನು ಕೆಡವಿ ಮಣಿಕಟ್ಟಿನ ಮೇಲೆ ಬೂಟುಗಾಲಿಟ್ಟು ಒತ್ತಿದ. ಒಳಗೆ ಮೂಳೆ ಲಟಕ್ಕೆಂದಿತು. ಅವಳು ಮುಷ್ಟಿ ಬಿಡಲಿಲ್ಲ. ಹೊಟ್ಟೆಗೆ ಒದ್ದ, ಮತ್ತೆ ಒದ್ದ. ಆಗಲೂ ಬಿಡಲಿಲ್ಲ.

ಅತ್ತ ಮನೆಯಲ್ಲಿ ಗುಬ್ಬಿಯ ಅಮ್ಮ ಏಟು ತಿಂದು ಬಿದ್ದಲ್ಲಿಂದಲೇ ತಮ್ಮನಿಗೆ ಫೋನ್ ಮಾಡಿದ್ದಳು. ವೆಲ್ಡರ್ ಕೈಯಲ್ಲಿದ್ದ ಕಬ್ಬಿಣದ ಸರಳಿನ ಸಮೇತ ಓಡಿ ಬಂದ. ಈ ಸಲ "ಭಾವ" ಅನ್ನಲಿಲ್ಲ. ಮೊದಲ ಏಟು ಮೊಣಕಾಲಿಗೆ, ಎರಡನೆಯದು ಭುಜಕ್ಕೆ. ಇಸ್ತ್ರಿ ಅಂಗಿಯವನು ನೆಲದಲ್ಲಿ ಹೊರಳಾಡುತ್ತಿದ್ದಾಗ ಸರಳು ತಲೆಗೆ ಗುರಿಯಿಟ್ಟು ಮೇಲೆದ್ದಿತು.

ಟೀಚರ್ ತೆವಳಿ ಬಂದು ವೆಲ್ಡರನ ಕಾಲು ತಬ್ಬಿದಳು.

"ಬೇಡ... ಬೀರು ಬಾಗಿಲಲ್ಲಿ ಸಂದಿ ಇದೆ. ಅವಳಿಗೆ ಕಾಣುತ್ತೆ."

ಸರಳು ಗಾಳಿಯಲ್ಲೇ ನಿಂತಿತು. ಆಮೇಲೆ ಸರಳನ್ನು ಮೂಲೆಗೆಸೆದು, ಮಕ್ಕಳ ಸ್ಕಿಪ್ಪಿಂಗ್ ಹಗ್ಗದಿಂದ ಭಾವನ ಕೈಕಾಲು ಬಿಗಿದ. ಪೊಲೀಸರು ಬಂದು ಎತ್ತಿಕೊಂಡು ಹೋಗುವವರೆಗೂ ಆ ಗಂಟು ಸಡಿಲವಾಗಲಿಲ್ಲ.

ಬೀರುವಿನಿಂದ ಹೊರಬಂದ ಗುಬ್ಬಿ ಟೀಚರ್ ಮುಖ ನೋಡಿ ಮಾವನನ್ನು ಕೇಳಿದಳು. "ಬಣ್ಣಾನಾ?"

ಮಾವನ ಆ ದೊಡ್ಡ ದೇಹ ಮಗುವಿನಂತೆ ಬಿಕ್ಕಿ ಬಿಕ್ಕಿ ಅತ್ತಿತು.

"ಬಣ್ಣ ಕಣೆ," ಅಂದಳು ಟೀಚರ್.

ಹತ್ತು ದಿನ ಕಳೆದವು. ಗುಬ್ಬಿಯ ಅಮ್ಮ ಆಸ್ಪತ್ರೆಯಲ್ಲಿ ಎದ್ದು ಕೂತು ಗಂಜಿ ಕುಡಿಯುವಂತಾಗಿದ್ದಳು, ನೆಲ ನೋಡದೆ ಪೊಲೀಸರಿಗೆ ಹೇಳಿಕೆಯನ್ನೂ ಕೊಟ್ಟಿದ್ದಳು. ಶಿಬಿರದ ಕೊನೆಯ ದಿನ ಟೀಚರ್ ಕೈಗೆ ಪ್ಲಾಸ್ಟರ್ ಹಾಕಿಕೊಂಡೇ ಬಂದಳು. ಗುಬ್ಬಿಯ ಮೊಲಕ್ಕೆ ಅವತ್ತು ಎರಡು ಉದ್ದುದ್ದ ಕಿವಿಗಳಿದ್ದವು.

ಮನೆಗೆ ಹೋಗುವ ಹೊತ್ತಾದರೂ ವೆಲ್ಡರ್ ಗೇಟಿನಾಚೆಯೇ ನಿಂತಿದ್ದ. ಅವಳೇ ಹೋದಳು.

"ಒಳಗೆ ಯಾಕೆ ಬರಲಿಲ್ಲ?"

"ಬರಬೇಡ ಅಂದಿದ್ರಿ."

ಅವಳ ಕಣ್ಣು ತುಂಬಿತು. ಕೋಳಿಯ ಗುಟ್ಟು ಗುಬ್ಬಿಯ ಅಪ್ಪನಿಗೆ ಹೇಳಿದ್ದೇ ತಾನು, ಇದಕ್ಕೆಲ್ಲ ತಾನೇ ಕಾರಣ ಅಂತ ಒಪ್ಪಿಕೊಂಡಳು. ಹೊಡೆದವನು ಅವನು, ನೀವಲ್ಲ, ಅಂದ ವೆಲ್ಡರ್. ನೀವು ಕೀಲಿ ಬಿಡಲಿಲ್ಲ, ನನಗೆ ಅಷ್ಟೇ ನೆನಪಿರೋದು, ಅಂದ. ಆಮೇಲೆ ಚೀಲದಿಂದ ಒಂದು ಕೋಳಿ ತೆಗೆದ. ತಗಡು ಕತ್ತರಿಸಿ ಬೆಸೆದದ್ದು, ಒಂದು ಕಾಲು ಗಿಡ್ಡ, ಜುಟ್ಟಿಗೆ ಮಾತ್ರ ಅಚ್ಚ ಕೆಂಪು ಬಣ್ಣ.

"ಇದನ್ನ ತಂದ್ರೆ ಗುಬ್ಬಿ ಸಿಗ್ತಾಳೆ, ಗೊತ್ತು," ಅಂದ. ಮುಂದಿನ ಮಾತಿಗೆ ಅವನ ಕಿವಿ ಕೆಂಪಾಯಿತು. "ಟೀಚರನ್ನ ಕರ್ಕೊಂಡು ಹೋಗೋಕೆ ಏನು ತರಬೇಕು?"

ಅವಳು ಕೋಳಿಯನ್ನು ಎದೆಗೊತ್ತಿಕೊಂಡಳು. "ಇಷ್ಟೇ ಸಾಕು... ತಲೆ ಬಗ್ಗಿಸಿ."

ಅವನು ಬಗ್ಗಿದ. ಕೂದಲ ನಡುವೆ ಏಳು ಹೊಲಿಗೆಯ ಗುರುತು. ಅವಳು ಪ್ಲಾಸ್ಟರಿನಿಂದಾಚೆ ಇಣುಕುತ್ತಿದ್ದ ಬೆರಳುಗಳಿಂದ ಅದನ್ನು ಮೆಲ್ಲಗೆ ಮುಟ್ಟಿದಳು.

"ತುಂಬಾ ನೋವಾಯ್ತಾ?"

"ಬಣ್ಣ ಟೀಚರ್," ಅಂದ ಅವನು. "ಬರೀ ಬಣ್ಣ."